ಬೃಹತ್ ಸೌರ ವಿದ್ಯುತ್ ಉದ್ಯಾನಗಳು ಮತ್ತು ಬಯಲುಸೀಮೆಯ ವನ್ಯಜೀವಿ ನೆಲೆಗಳು: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಕಲ್ಲಿದ್ದಲನ್ನು ಸುಡದೆ, ಹೊಗೆಯನ್ನು ಹೊರಸೂಸದೆ ವಿದ್ಯುತ್ ಉತ್ಪಾದಿಸುವ ವಿಧಾನಗಳಲ್ಲಿ ಸೌರ ವಿದ್ಯುತ್ ಪ್ರಮುಖವಾದುದಾಗಿದೆ. ಭಾರತದ ಸ್ಥಾಪಿತ ಸೌರ ವಿದ್ಯುತ್ ಸಾಮರ್ಥ್ಯವು 2025ರ ಜನವರಿಯಲ್ಲಿ 100 ಗಿಗಾವ್ಯಾಟ್ (ಒಂದು ಲಕ್ಷ ಮೆಗಾವ್ಯಾಟ್) ಮಟ್ಟವನ್ನು ತಲುಪಿತು. ಪಳೆಯುಳಿಕೆ ಇಂಧನಗಳನ್ನು ಹೊರತುಪಡಿಸಿದ ಮೂಲಗಳಿಂದ 2030ರೊಳಗೆ 500 ಗಿಗಾವ್ಯಾಟ್ ಸಾಮರ್ಥ್ಯವನ್ನು ಹೊಂದುವುದು ದೇಶದ ಗುರಿಯಾಗಿದೆ.

ಈ ಗುರಿಯ ಸಾಧನೆಗೆ ವಿಶಾಲವಾದ, ಸಮತಟ್ಟಾದ, ಬಿಸಿಲು ಹೇರಳವಾಗಿರುವ ಭೂಮಿ ಅವಶ್ಯಕ. ಇಂತಹ ಭೂಮಿಯು ಹೆಚ್ಚಾಗಿ ಬಯಲುಸೀಮೆಯಲ್ಲಿ ದೊರೆಯುತ್ತದೆ. ಅದೇ ಬಯಲು ಕೃಷ್ಣಮೃಗ, ತೋಳ, ನರಿ, ಮೊಲ, ಉಡ ಹಾಗೂ ನೆಲದ ಮೇಲೆ ಗೂಡುಕಟ್ಟುವ ಅನೇಕ ಪಕ್ಷಿಗಳ ನೆಲೆಯೂ ಆಗಿರುತ್ತದೆ. ಜಮೀನನ್ನು ಗುತ್ತಿಗೆ ನೀಡಲು ಇಚ್ಛಿಸುವ ರೈತರು, ಗ್ರಾಮ ಪಂಚಾಯತಿಗಳ ಸದಸ್ಯರು, ಗೋಮಾಳ ಹಾಗೂ ಕಾವಲುಗಳನ್ನು ಅವಲಂಬಿಸಿರುವ ಕುರಿಗಾಹಿಗಳು ಮತ್ತು ಆಸಕ್ತ ನಾಗರಿಕರು ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ಕ್ರೋಡೀಕರಿಸಲಾಗಿದೆ.

ಇವುಗಳಲ್ಲಿ ಮುಖ್ಯವಾದ ಅಂಶವೊಂದನ್ನು ಆರಂಭದಲ್ಲಿಯೇ ತಿಳಿಸುವುದು ಸೂಕ್ತ. ಅನುಸೂಚಿತ ವನ್ಯಪ್ರಾಣಿಗೆ ಕಾನೂನಿನ ರಕ್ಷಣೆಯು ಎಲ್ಲೆಡೆಯೂ ಇದೆ. ಆದರೆ ಆ ಪ್ರಾಣಿಯು ವಾಸಿಸುವ ನೆಲೆಗೆ ವನ್ಯಜೀವಿ ಕಾನೂನಿನ ರಕ್ಷಣೆ ಇರುವುದು ಬಹುಮಟ್ಟಿಗೆ ಅಧಿಸೂಚಿತ ಪ್ರದೇಶಗಳಲ್ಲಿ ಮಾತ್ರ. ಆದುದರಿಂದ ಬಯಲು ನೆಲೆಗಳ ಉಳಿವು ಸೌರ ಯೋಜನೆಯ ಸ್ಥಳವನ್ನು ಆಯ್ಕೆ ಮಾಡುವ ಹಂತದಲ್ಲಿಯೇ ಬಹುಪಾಲು ನಿರ್ಧಾರವಾಗುತ್ತದೆ.

2. ಸೌರ ಉದ್ಯಾನ ಎಂದರೇನು?

ಅನೇಕ ವಿದ್ಯುತ್ ಉತ್ಪಾದಕರಿಗೆ ಒಂದೇ ಕಡೆ ಭೂಮಿ, ರಸ್ತೆ, ಉಪಕೇಂದ್ರ ಹಾಗೂ ಪ್ರಸರಣ ಮಾರ್ಗಗಳನ್ನು ಒದಗಿಸುವ ವ್ಯವಸ್ಥೆಗೆ ಸೌರ ಉದ್ಯಾನ ಎನ್ನಲಾಗುತ್ತದೆ. ಕೇಂದ್ರ ಸರ್ಕಾರವು 2014ರ ಡಿಸೆಂಬರ್ ತಿಂಗಳಿನಲ್ಲಿ 20,000 ಮೆಗಾವ್ಯಾಟ್ ಗುರಿಯೊಂದಿಗೆ ಸೌರ ಉದ್ಯಾನ ಯೋಜನೆಯನ್ನು ಜಾರಿಗೊಳಿಸಿತು. 2017ರಲ್ಲಿ ಸದರಿ ಗುರಿಯನ್ನು 40,000 ಮೆಗಾವ್ಯಾಟ್‌ಗೆ ಹೆಚ್ಚಿಸಲಾಯಿತು.

ಕರ್ನಾಟಕದಲ್ಲಿ ಇದಕ್ಕೆ ಪ್ರಮುಖ ಉದಾಹರಣೆ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೌರ ಉದ್ಯಾನ. ಇದನ್ನು ಅಭಿವೃದ್ಧಿಪಡಿಸಲು ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವನ್ನು 2015ರಲ್ಲಿ ಸ್ಥಾಪಿಸಲಾಯಿತು. ಉದ್ಯಾನದ ಮೊದಲ ಹಂತವು 2018ರ ಮಾರ್ಚ್ 1ರಂದು ಉದ್ಘಾಟನೆಗೊಂಡಿತು. 2019ರ ಅಂತ್ಯದ ವೇಳೆಗೆ 2,050 ಮೆಗಾವ್ಯಾಟ್‌ನ ಪೂರ್ಣ ಸಾಮರ್ಥ್ಯವು ಕಾರ್ಯಾರಂಭ ಮಾಡಿತು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು ಮತ್ತು ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಪ್ರದೇಶದಲ್ಲಿ ಇದು ಹರಡಿದೆ.

ಇಲ್ಲಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ, ರೈತರಿಂದ ದೀರ್ಘಾವಧಿ ಗುತ್ತಿಗೆಗೆ ಪಡೆಯಲಾಗಿದೆ. ಆರಂಭದ ಗುತ್ತಿಗೆ ದರವು ಎಕರೆಗೆ ವಾರ್ಷಿಕ ರೂ. 21,000 ಆಗಿದ್ದು, ಎರಡು ವರ್ಷಗಳಿಗೊಮ್ಮೆ ಶೇ. 5ರಷ್ಟು ಹೆಚ್ಚಳಕ್ಕೆ ಅವಕಾಶ ಕಲ್ಪಿಸಲಾಗಿದೆ. ಸತತ ಬರಗಾಲಕ್ಕೆ ತುತ್ತಾಗಿ, ಮಳೆಯಾಶ್ರಿತ ಕಡಲೆಕಾಯಿ ಬೆಳೆಯನ್ನೇ ನೆಚ್ಚಿಕೊಂಡಿದ್ದ ತಾಲ್ಲೂಕಿನ ಭೂಮಾಲೀಕ ಕುಟುಂಬಗಳಿಗೆ ಇದರಿಂದ ನಿಶ್ಚಿತ ಆದಾಯ ದೊರೆತಿದೆ. ಸೌರ ಉದ್ಯಾನದ ಪರಿಣಾಮಗಳನ್ನು ಪರಿಶೀಲಿಸುವಾಗ ಈ ಪ್ರಯೋಜನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯಸಮ್ಮತ.

ಪ್ರಮಾಣವನ್ನು ಅರಿಯಲು ಒಂದು ಹೋಲಿಕೆಯನ್ನು ಗಮನಿಸಬಹುದು. ಪಕ್ಕದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶದ ವಿಸ್ತೀರ್ಣ 798 ಎಕರೆಗಳು. ಪಾವಗಡದ ಸೌರ ಉದ್ಯಾನವು ಅದರ ಸುಮಾರು 16 ಪಟ್ಟು ದೊಡ್ಡದು. ಕೃಷ್ಣಮೃಗಗಳು ಮೀಸಲು ಪ್ರದೇಶದ ಗಡಿಯನ್ನು ಅರಿತು ಬದುಕುವ ಪ್ರಾಣಿಗಳಲ್ಲ. ಸುತ್ತಲಿನ ಹೊಲಗಳಲ್ಲಿ, ಬೀಳು ಭೂಮಿಯಲ್ಲಿ ಅವು ಮೇಯುತ್ತವೆ. ಮೀಸಲು ಪ್ರದೇಶವು ಚಿಕ್ಕದಾಗಿರುವೆಡೆ ಅದರ ಹೊರಗಿನ ತೆರೆದ ಭೂಮಿಯ ಬಳಕೆ ಹೇಗೆ ಬದಲಾಗುತ್ತದೆ ಎಂಬುದು ಪ್ರಾಣಿಗಳ ಉಳಿವಿನ ಪ್ರಶ್ನೆಯಾಗುತ್ತದೆ.

3. ‘ಪಾಳು ಭೂಮಿ’ ಎಂಬ ವರ್ಗೀಕರಣ

ಸೌರ ಯೋಜನೆಗಳಿಗೆ ಪಾಳು ಭೂಮಿಯನ್ನು ಬಳಸಬೇಕೆಂಬುದು ಸಾಮಾನ್ಯ ನೀತಿ. ಕೃಷಿ ಯೋಗ್ಯ ಭೂಮಿಯನ್ನು ಉಳಿಸುವ ದೃಷ್ಟಿಯಿಂದ ಇದು ಸಮಂಜಸವಾಗಿದೆ. ಆದರೆ ಪಾಳು ಭೂಮಿ ಎಂದರೆ ಯಾವುದು ಎಂಬುದನ್ನು ಎಚ್ಚರಿಕೆಯಿಂದ ನೋಡಬೇಕಾಗುತ್ತದೆ. ಕೇಂದ್ರ ಭೂ ಸಂಪನ್ಮೂಲ ಇಲಾಖೆಯು 2019ರಲ್ಲಿ ಪ್ರಕಟಿಸಿದ ಪಾಳು ಭೂಮಿ ನಕಾಶೆ ಸಂಪುಟದ ಪ್ರಕಾರ ದೇಶದ ಭೌಗೋಳಿಕ ವಿಸ್ತೀರ್ಣದ ಶೇ. 16.96ರಷ್ಟು ಭಾಗ ಈ ವರ್ಗಕ್ಕೆ ಸೇರಿದೆ. ಕುರುಚಲು ಗಿಡಗಳಿರುವ ಭೂಮಿಯೂ ಇದರಲ್ಲಿ ಸೇರಿಕೊಂಡಿದೆ.

ಈ ವರ್ಗೀಕರಣವು ಮೂಲತಃ ಭೂಮಿಯ ಉತ್ಪಾದಕತೆಯನ್ನು ಆಧರಿಸಿದ್ದು, ಅಲ್ಲಿನ ಜೀವಿಗಳನ್ನು ಆಧರಿಸಿದ್ದಲ್ಲ. ಪಹಣಿಯಲ್ಲಿ ಖರಾಬು ಎಂದು ನಮೂದಾಗಿರುವ ಕಲ್ಲುನೆಲ, ಗೋಮಾಳವೆಂದು ಕಾಯ್ದಿರಿಸಿದ ಹುಲ್ಲು ಬಯಲು, ಬೆಳೆಯಿಡದೆ ಬಿಟ್ಟ ಬೀಳು ಭೂಮಿ ಇವೆಲ್ಲವೂ ಕಂದಾಯದ ದೃಷ್ಟಿಯಿಂದ ಅಲ್ಪ ಮೌಲ್ಯದವು. ಆದರೆ ತೋಳವು ಮರಿ ಹಾಕಲು ಆರಿಸಿಕೊಳ್ಳುವುದು ಇಂತಹ ಕಲ್ಲುನೆಲದ ಪೊಟರೆ, ಹಳ್ಳದ ದಂಡೆಗಳನ್ನೇ. ಟಿಟ್ಟಿಭ ಹಕ್ಕಿಯು ಮೊಟ್ಟೆಯಿಡುವುದು ಬರಿ ನೆಲದ ಮೇಲೆ. ಚಳಿಗಾಲದಲ್ಲಿ ದೂರದೇಶಗಳಿಂದ ಬರುವ ಸೆಳೆವ ಎಂಬ ಗಿಡುಗ ಜಾತಿಯ ಪಕ್ಷಿಗಳು ರಾತ್ರಿ ತಂಗುವುದು ಮರದ ಮೇಲಲ್ಲ, ಎತ್ತರದ ಹುಲ್ಲಿನ ನಡುವೆ. ಮರಗಳಿಲ್ಲದಿರುವುದು ಇಂತಹ ನೆಲೆಗಳ ಕೊರತೆಯಲ್ಲ, ಅವುಗಳ ಸಹಜ ಲಕ್ಷಣ.

ರಾಜ್ಯದಲ್ಲಿ ಇಂತಹ ಬಯಲು ಹಾಗೂ ಕುರುಚಲು ನೆಲೆಗಳ ಮಹತ್ವವನ್ನು ಗುರುತಿಸಿ ಕೆಲವು ಪ್ರದೇಶಗಳಿಗೆ ರಕ್ಷಣೆ ನೀಡಲಾಗಿದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ವನ್ಯಜೀವಿ ಧಾಮ, ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ, ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿ ಧಾಮ, ಚಿಕ್ಕಮಗಳೂರು ಜಿಲ್ಲೆಯ ಬಾಸೂರು ಅಮೃತಮಹಲ್ ಕಾವಲು ಸಂರಕ್ಷಣಾ ಮೀಸಲು ಇವುಗಳಲ್ಲಿ ಕೆಲವು. ಬಯಲುಸೀಮೆಯ ಒಟ್ಟು ವಿಸ್ತಾರಕ್ಕೆ ಹೋಲಿಸಿದಲ್ಲಿ ಇವು ಅಲ್ಲಲ್ಲಿ ಚದುರಿದ ಸಣ್ಣ ತುಣುಕುಗಳಾಗಿವೆ.

4. ವನ್ಯಜೀವಿ ನೆಲೆಗಳ ಮೇಲೆ ಉಂಟಾಗುವ ಪರಿಣಾಮಗಳು

(ಅ) ನೆಲವನ್ನು ಸಮತಟ್ಟುಗೊಳಿಸುವುದು: ಫಲಕಗಳ ಅಳವಡಿಕೆಗೆ ಮುನ್ನ ಪೊದೆ, ಮರ, ಹುತ್ತ, ಹೊಲದ ಬದು ಮುಂತಾದವುಗಳನ್ನು ತೆಗೆದುಹಾಕಲಾಗುತ್ತದೆ. ಸಾಗುವಳಿ ಭೂಮಿಯಲ್ಲಿಯೂ ಉಡ, ಮೊಲ, ಗೌಜುಗಹಕ್ಕಿ, ಹಾವುಗಳಿಗೆ ಆಸರೆಯಾಗಿರುವುದು ಈ ಬದುಗಳೇ. ಸಣ್ಣ ಹಳ್ಳಗಳನ್ನು ಮುಚ್ಚಿದಲ್ಲಿ ಮಳೆನೀರಿನ ಹರಿವು ಬದಲಾಗಿ ಕೆಳಗಿನ ಕೆರೆ ಕುಂಟೆಗಳಿಗೂ ತೊಂದರೆಯಾಗಬಹುದು.

(ಆ) ಬೇಲಿ: ಸುರಕ್ಷತೆಯ ಕಾರಣದಿಂದ ಉದ್ಯಾನದ ಸುತ್ತ ಬೇಲಿ ಅಥವಾ ಗೋಡೆ ಅನಿವಾರ್ಯ. ಆದರೆ ಅದು ಕಿಲೋಮೀಟರ್‌ಗಟ್ಟಲೆ ಎಡೆಬಿಡದೆ ಸಾಗಿದಲ್ಲಿ ಪ್ರಾಣಿಗಳು ನೀರು ಮತ್ತು ಮೇವಿನ ನಡುವೆ ಓಡಾಡುವ ದಾರಿ ಮುಚ್ಚಿಹೋಗುತ್ತದೆ. ಕೃಷ್ಣಮೃಗದ ಆತ್ಮರಕ್ಷಣೆ ಅದರ ಓಟ ಮತ್ತು ದೂರದ ನೋಟವನ್ನು ಅವಲಂಬಿಸಿದೆ. ಬೇಲಿಯ ಮೂಲೆಗೆ ಸಿಲುಕಿದ ಹಿಂಡು ಬೀದಿನಾಯಿಗಳಿಗೂ ಸುಲಭವಾಗಿ ಬಲಿಯಾಗಬಹುದು. ನೆಲೆ ಕುಗ್ಗಿದಾಗ ಅವು ಉಳಿದ ಹೊಲಗಳತ್ತ ಸರಿಯುವುದರಿಂದ, ಜಮೀನು ಗುತ್ತಿಗೆ ನೀಡದ ರೈತರ ಬೆಳೆಗೆ ಹಾನಿಯ ಸಂಭವವೂ ಹೆಚ್ಚುತ್ತದೆ.

(ಇ) ಪ್ರಸರಣ ಮಾರ್ಗಗಳು: ಉದ್ಯಾನದ ಪರಿಣಾಮವು ಬೇಲಿಯೊಳಗೆ ಮುಗಿಯುವುದಿಲ್ಲ. ವಿದ್ಯುತ್ತನ್ನು ಹೊರಸಾಗಿಸುವ ತಂತಿಗಳಿಗೆ ದೊಡ್ಡ ಗಾತ್ರದ ಪಕ್ಷಿಗಳು ಡಿಕ್ಕಿ ಹೊಡೆದು ಸಾಯುತ್ತವೆ. ಭಾರತೀಯ ವನ್ಯಜೀವಿ ಸಂಸ್ಥೆಯು ರಾಜಸ್ಥಾನದ ಥಾರ್ ಮರುಭೂಮಿಯ ಸುಮಾರು 4,200 ಚದರ ಕಿಲೋಮೀಟರ್ ಪ್ರದೇಶದಲ್ಲಿ ನಡೆಸಿದ ಅಧ್ಯಯನದಲ್ಲಿ, ವಿದ್ಯುತ್ ತಂತಿಗಳಿಂದ ವರ್ಷಕ್ಕೆ ಸುಮಾರು 84,000 ಪಕ್ಷಿಗಳು ಸಾಯುತ್ತಿವೆ ಎಂದು ಅಂದಾಜಿಸಲಾಗಿದೆ.

(ಈ) ಬೆಳಕಿನ ಪ್ರತಿಫಲನ: ಫಲಕಗಳ ನುಣುಪಾದ ಮೈಯಿಂದ ಪ್ರತಿಫಲಿಸುವ ಬೆಳಕು ನೀರಿನ ಮೇಲ್ಮೈಯಿಂದ ಬರುವ ಬೆಳಕನ್ನು ಹೋಲುತ್ತದೆ. ನೀರಿನಲ್ಲಿ ಮೊಟ್ಟೆಯಿಡುವ ಕೆಲವು ಕೀಟಗಳು ಫಲಕವನ್ನೇ ನೀರೆಂದು ಭ್ರಮಿಸಿ ಅದರ ಮೇಲೆ ಮೊಟ್ಟೆಯಿಡುವುದನ್ನು 2010ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿದೆ. ಫಲಕದ ಮೇಲೆ ಬಿಳಿ ಗೆರೆಗಳಿದ್ದಲ್ಲಿ ಈ ಆಕರ್ಷಣೆ ಕಡಿಮೆಯಾಗುತ್ತದೆ ಎಂಬುದೂ ಅದೇ ಸಂಶೋಧನೆಯ ಫಲಿತಾಂಶ. ಅಮೆರಿಕದ ಕ್ಯಾಲಿಫೋರ್ನಿಯಾ ಮರುಭೂಮಿಯ ಮೂರು ಸೌರ ಸ್ಥಾವರಗಳಲ್ಲಿ ಸತ್ತು ಬಿದ್ದಿದ್ದ ಪಕ್ಷಿಗಳನ್ನು ಅಲ್ಲಿನ ವನ್ಯಜೀವಿ ಪ್ರಯೋಗಾಲಯವು ಪರೀಕ್ಷಿಸಿ 2014ರಲ್ಲಿ ನೀಡಿದ ವರದಿಯಲ್ಲಿ ಜಲಪಕ್ಷಿಗಳೂ ಇದ್ದವು.

(ಉ) ತಾಪಮಾನ: ಅಮೆರಿಕದ ಅರಿಜೋನಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಂತೆ, ಸೌರ ಸ್ಥಾವರದ ಪ್ರದೇಶವು ರಾತ್ರಿಯ ವೇಳೆ ಸುತ್ತಲಿನ ಸಹಜ ಬಯಲಿಗಿಂತ 3ರಿಂದ 4 ಡಿಗ್ರಿ ಸೆಲ್ಷಿಯಸ್ ಹೆಚ್ಚು ಬಿಸಿಯಾಗಿತ್ತು. ಗಿಡಗಂಟಿಗಳಿಲ್ಲದ ನೆಲವೂ ಇದಕ್ಕೆ ಕಾರಣವೆಂದು ತಿಳಿದುಬಂದಿದೆ.

(ಊ) ಅನುಕೂಲಕರ ಪರಿಣಾಮಗಳು: ಎಲ್ಲ ಪರಿಣಾಮಗಳೂ ಪ್ರತಿಕೂಲವಲ್ಲ. ಫಲಕಗಳ ನೆರಳಿನಲ್ಲಿ ತೇವಾಂಶ ಉಳಿಯುತ್ತದೆ. ಸ್ಥಳೀಯ ಹುಲ್ಲನ್ನು ಬೆಳೆಯಲು ಬಿಟ್ಟಲ್ಲಿ ಕೀಟ ಹಾಗೂ ಸಣ್ಣ ಪಕ್ಷಿಗಳಿಗೆ ಆಸರೆ ದೊರೆಯುತ್ತದೆ. ಆದರೆ ವಿಶಾಲ ಬಯಲನ್ನೇ ಬಯಸುವ ಕೃಷ್ಣಮೃಗ ಮತ್ತು ದೊಡ್ಡ ಪಕ್ಷಿಗಳಿಗೆ ಇದು ಪರ್ಯಾಯವಾಗುವುದಿಲ್ಲ.

5. ಗಮನಾರ್ಹ ಪ್ರಕರಣಗಳು

5.1 ಎರೆಭೂತ ಪಕ್ಷಿ ಮತ್ತು ಸರ್ವೋಚ್ಚ ನ್ಯಾಯಾಲಯದ ಆದೇಶಗಳು

ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಹೆಸರಾದ ಎರೆಭೂತ ಪಕ್ಷಿಯು ಹಿಂದೆ ದಖ್ಖನಿನ ಬಯಲುಗಳಲ್ಲಿ ವ್ಯಾಪಕವಾಗಿತ್ತು. ಈಗ ಅವುಗಳ ಸಂಖ್ಯೆ ದೇಶದಲ್ಲಿ ಇನ್ನೂರಕ್ಕಿಂತ ಕಡಿಮೆಯಿದ್ದು, ಬಹುಪಾಲು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಭೂಮಿಯು ಇವುಗಳ ನೆಲೆಯೆಂದು ಗುರುತಿಸಲ್ಪಟ್ಟಿದೆ. ಭಾರವಾದ ದೇಹದ ಈ ಪಕ್ಷಿಗೆ ನೇರ ಮುಂಭಾಗದ ದೃಷ್ಟಿ ಕಡಿಮೆ. ಹಾರಾಟದಲ್ಲಿ ತಂತಿಯನ್ನು ಕಂಡರೂ ಥಟ್ಟನೆ ತಿರುಗಲು ಅದಕ್ಕೆ ಆಗದು.

ಈ ವಿಷಯದಲ್ಲಿ ಹಿರಿಯ ವನ್ಯಜೀವಿ ತಜ್ಞ ಎಂ.ಕೆ. ರಂಜಿತ್‌ಸಿನ್ಹ್ ಮತ್ತಿತರರು ಸಲ್ಲಿಸಿದ ಅರ್ಜಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯವು 2021ರ ಏಪ್ರಿಲ್ 19ರಂದು, ರಾಜಸ್ಥಾನ ಮತ್ತು ಗುಜರಾತ್‌ನಲ್ಲಿನ ಪಕ್ಷಿಯ ನೆಲೆಗಳಲ್ಲಿ ಸಾಧ್ಯವಿರುವೆಡೆ ವಿದ್ಯುತ್ ಮಾರ್ಗಗಳನ್ನು ಭೂಗತಗೊಳಿಸಲು ಹಾಗೂ ತಂತಿಗಳಿಗೆ ಪಕ್ಷಿ ಎಚ್ಚರಿಕೆ ಸಾಧನಗಳನ್ನು ಅಳವಡಿಸಲು ನಿರ್ದೇಶನ ನೀಡಿತು. 2024ರ ಮಾರ್ಚ್ 21ರಂದು ಸದರಿ ಆದೇಶವನ್ನು ಮಾರ್ಪಡಿಸಿ, ತಜ್ಞರ ಸಮಿತಿಯನ್ನು ರಚಿಸಿತು. ಅದೇ ತೀರ್ಪಿನಲ್ಲಿ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ಅನುಚ್ಛೇದಗಳಡಿ ನ್ಯಾಯಾಲಯವು ಗುರುತಿಸಿತು. ಸಮಿತಿಯ ಶಿಫಾರಸುಗಳನ್ನು ಆಧರಿಸಿ 2025ರ ಡಿಸೆಂಬರ್ 19ರಂದು ನೀಡಿದ ತೀರ್ಪಿನಲ್ಲಿ ರಾಜಸ್ಥಾನದ 14,013 ಚದರ ಕಿಲೋಮೀಟರ್ ಹಾಗೂ ಗುಜರಾತ್‌ನ 740 ಚದರ ಕಿಲೋಮೀಟರ್ ಪ್ರದೇಶಗಳನ್ನು ಪರಿಷ್ಕೃತ ಆದ್ಯತಾ ಪ್ರದೇಶಗಳೆಂದು ಅಂಗೀಕರಿಸಲಾಯಿತು.

ಶುದ್ಧ ವಿದ್ಯುತ್ ಮತ್ತು ವನ್ಯಜೀವಿ ಇವೆರಡೂ ಸಾರ್ವಜನಿಕ ಹಿತವೇ ಆಗಿದ್ದು, ಒಂದನ್ನು ಸಂಪೂರ್ಣ ಕೈಬಿಟ್ಟು ಇನ್ನೊಂದನ್ನು ಉಳಿಸುವಂತಿಲ್ಲ ಎಂಬುದು ಈ ಪ್ರಕರಣದಿಂದ ವ್ಯಕ್ತವಾಗುತ್ತದೆ.

5.2 ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳು

ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ಅಮೃತಮಹಲ್ ತಳಿಯ ರಾಸುಗಳ ಮೇವಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲುಗಳು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಇಂತಹ ಸುಮಾರು 10,000 ಎಕರೆ ಕಾವಲು ಭೂಮಿಯನ್ನು ರಕ್ಷಣೆ, ವಿಜ್ಞಾನ ಸಂಸ್ಥೆಗಳು ಮತ್ತಿತರ ಉದ್ದೇಶಗಳಿಗೆ ಹಂಚಿಕೆ ಮಾಡಲಾಯಿತು. ಅದರಲ್ಲಿ ಖಾಸಗಿ ಸೌರ ವಿದ್ಯುತ್ ಯೋಜನೆಯೊಂದಕ್ಕೆ ನೀಡಿದ ಭೂಮಿಯೂ ಸೇರಿತ್ತು. ಕಾವಲಿನ ಹುಲ್ಲನ್ನು ನೆಚ್ಚಿಕೊಂಡಿದ್ದ ಸುತ್ತಲಿನ ಗ್ರಾಮಗಳ ಕುರಿಗಾಹಿಗಳು, ದನಗಾಹಿಗಳು ಹಾಗೂ ಕಂಬಳಿ ನೇಯುವವರಿಂದ ಆಕ್ಷೇಪಣೆಗಳು ಬಂದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯ ಪೀಠವು ಈ ಕುರಿತ ಅರ್ಜಿಗಳ ವಿಚಾರಣೆ ನಡೆಸಿ 2014ರ ಆಗಸ್ಟ್ ತಿಂಗಳಿನಲ್ಲಿ ತೀರ್ಪು ನೀಡಿತು.

ಹುಲ್ಲುಗಾವಲಿನ ವನ್ಯಜೀವಿಗಳ ಹಿತ ಮತ್ತು ಗ್ರಾಮಸ್ಥರ ಹಿತ ಬೇರೆ ಬೇರೆಯಲ್ಲ ಎಂಬುದನ್ನು ಹಾಗೂ ಹಂಚಿಕೆಯಾದ ನಂತರ ಸಲ್ಲಿಸುವ ಆಕ್ಷೇಪಣೆಗಿಂತ ಹಂಚಿಕೆಗೆ ಮುನ್ನ ನೀಡುವ ಮಾಹಿತಿಯು ಹೆಚ್ಚು ಉಪಯುಕ್ತ ಎಂಬುದನ್ನು ಈ ಪ್ರಕರಣದಿಂದ ತಿಳಿಯಬಹುದು.

6. ಅನ್ವಯವಾಗುವ ಕಾನೂನುಗಳು

6.1 ಪರಿಸರ ಅನುಮತಿ: ಪರಿಸರ ಪರಿಣಾಮ ನಿರ್ಧರಣ ಅಧಿಸೂಚನೆ, 2006ರ ವ್ಯಾಪ್ತಿಗೆ ಸೌರ ಫಲಕ ಆಧಾರಿತ ವಿದ್ಯುತ್ ಯೋಜನೆಗಳು ಬರುವುದಿಲ್ಲವೆಂದು ಕೇಂದ್ರ ಪರಿಸರ ಸಚಿವಾಲಯವು 2011ರಲ್ಲಿ ಸ್ಪಷ್ಟಪಡಿಸಿತು. ಸೌರ ಉದ್ಯಾನಗಳಿಗೂ ಇದು ಅನ್ವಯವೆಂದು 2017ರಲ್ಲಿ ತಿಳಿಸಲಾಯಿತು. ಪರಿಣಾಮವಾಗಿ ಸದರಿ ಅಧಿಸೂಚನೆಯನ್ವಯದ ಪರಿಸರ ಅಧ್ಯಯನ ವರದಿ ಹಾಗೂ ಸಾರ್ವಜನಿಕ ಅಹವಾಲು ಸಭೆ ಇವುಗಳಿಗೆ ಕಡ್ಡಾಯವಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2016ರ ವರ್ಗೀಕರಣದಲ್ಲಿ ಸೌರ ವಿದ್ಯುತ್ ಉತ್ಪಾದನೆಯನ್ನು ಮಾಲಿನ್ಯರಹಿತವೆನ್ನಬಹುದಾದ ‘ಬಿಳಿ’ ವರ್ಗಕ್ಕೆ ಸೇರಿಸಿದೆ. ಹೊಗೆ, ತ್ಯಾಜ್ಯ ನೀರುಗಳ ದೃಷ್ಟಿಯಿಂದ ಇದು ಸರಿಯಾಗಿದೆ. ಭೂಬಳಕೆಯ ಬದಲಾವಣೆಯು ಈ ವರ್ಗೀಕರಣದ ಮಾನದಂಡವಲ್ಲ.

6.2 ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972: ಕೃಷ್ಣಮೃಗ, ತೋಳ, ಎರೆಭೂತ ಮುಂತಾದವು ಅನುಸೂಚಿ 1ರಲ್ಲಿವೆ. ಇವುಗಳನ್ನು ಎಲ್ಲಿಯೇ ಆಗಲಿ, ಖಾಸಗಿ ಜಮೀನಿನಲ್ಲಿಯೂ ಸಹ, ಕೊಲ್ಲುವುದು ಅಥವಾ ಹಿಡಿಯುವುದು ಅಪರಾಧ. ಪಕ್ಷಿಗಳ ಮೊಟ್ಟೆ, ಗೂಡುಗಳಿಗೆ ಹಾನಿ ಮಾಡುವುದೂ ಬೇಟೆಯ ವ್ಯಾಖ್ಯೆಯಲ್ಲಿ ಸೇರಿದೆ. ಅನುಸೂಚಿ 1ರ ಪ್ರಾಣಿಯ ಬೇಟೆಗೆ 3ರಿಂದ 7 ವರ್ಷಗಳವರೆಗೆ ಕಾರಾವಾಸ ಹಾಗೂ ರೂ. 25,000ಕ್ಕೆ ಕಡಿಮೆಯಿಲ್ಲದ ದಂಡ ವಿಧಿಸಬಹುದು. ವನ್ಯಜೀವಿ ಧಾಮ ಅಥವಾ ರಾಷ್ಟ್ರೀಯ ಉದ್ಯಾನದೊಳಗೆ ನೆಲೆಯನ್ನು ಹಾಳುಗೆಡವುವುದನ್ನು ಪ್ರಕರಣ 29 ಮತ್ತು 35ರಡಿ ನಿರ್ಬಂಧಿಸಲಾಗಿದೆ. ಇವುಗಳ ಹೊರಗಿನ ಖಾಸಗಿ ಬಯಲಿಗೆ ಇಂತಹ ರಕ್ಷಣೆ ಇರುವುದಿಲ್ಲ.

6.3 ಅರಣ್ಯ ಭೂಮಿ: 1980ರ ಅರಣ್ಯ ಸಂರಕ್ಷಣಾ ಅಧಿನಿಯಮದ ಮೇರೆಗೆ ಅರಣ್ಯ ಭೂಮಿಯನ್ನು ಸೌರ ಯೋಜನೆಗೆ ಬಳಸಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಅಗತ್ಯ. ಪ್ರಸರಣ ಮಾರ್ಗವು ಅರಣ್ಯದ ಮೂಲಕ ಹಾದುಹೋಗುವಾಗಲೂ ಇದು ಅನ್ವಯಿಸುತ್ತದೆ.

6.4 ಜೀವವೈವಿಧ್ಯ ಅಧಿನಿಯಮ, 2002: ಪ್ರತಿ ಸ್ಥಳೀಯ ಸಂಸ್ಥೆಯು ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಿ, ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸಬೇಕು. ಗ್ರಾಮದ ವ್ಯಾಪ್ತಿಯಲ್ಲಿರುವ ಪ್ರಾಣಿ, ಪಕ್ಷಿ, ಸಸ್ಯಗಳನ್ನು ಅಧಿಕೃತವಾಗಿ ದಾಖಲಿಸಲು ಇದು ಒಂದು ಮುಖ್ಯ ಅವಕಾಶ.

6.5 ವಿದ್ಯುತ್ ಮಾರ್ಗಗಳು: ಎರೆಭೂತದ ನೆಲೆಗಳಲ್ಲಿ 33 ಕೆ.ವಿ. ಮತ್ತು ಅದಕ್ಕಿಂತ ಕಡಿಮೆ ಸಾಮರ್ಥ್ಯದ ಮಾರ್ಗಗಳನ್ನು ಭೂಗತ ಕೇಬಲ್ ಮೂಲಕ ನಿರ್ಮಿಸಲು ಹಾಗೂ ಅದಕ್ಕಿಂತ ಹೆಚ್ಚಿನ ಸಾಮರ್ಥ್ಯದ ಮಾರ್ಗಗಳಿಗೆ ಪಕ್ಷಿ ಎಚ್ಚರಿಕೆ ಸಾಧನಗಳನ್ನು ಅಳವಡಿಸಲು ಕೇಂದ್ರ ವಿದ್ಯುತ್ ಪ್ರಾಧಿಕಾರವು 2023ರಲ್ಲಿ ವಿನಿಯಮಗಳನ್ನು ಹೊರಡಿಸಿದೆ.

7. ಪರಿಣಾಮಗಳನ್ನು ತಗ್ಗಿಸುವ ಕ್ರಮಗಳು

ಈ ಕೆಳಕಂಡ ಕ್ರಮಗಳು ಪರಿಣಾಮವನ್ನು ಗಣನೀಯವಾಗಿ ತಗ್ಗಿಸಬಲ್ಲವು.

(1) ಸ್ಥಳ ಆಯ್ಕೆಗೆ ಮುನ್ನ ಮಳೆಗಾಲ, ಚಳಿಗಾಲ ಮತ್ತು ಬೇಸಿಗೆ ಮೂರೂ ಋತುಗಳಲ್ಲಿ ವನ್ಯಜೀವಿ ಸಮೀಕ್ಷೆ ನಡೆಸುವುದು. ಒಂದೇ ಭೇಟಿಯಲ್ಲಿ ಬೇಸಿಗೆಯ ಒಣನೆಲವನ್ನು ಮಾತ್ರ ನೋಡಿದಲ್ಲಿ ವಲಸೆ ಪಕ್ಷಿಗಳಾಗಲಿ, ಮಳೆಗಾಲದಲ್ಲಿ ಗೂಡುಕಟ್ಟುವ ಪಕ್ಷಿಗಳಾಗಲಿ ಕಂಡುಬರುವುದಿಲ್ಲ.

(2) ಉದ್ಯಾನವನ್ನು ಒಂದೇ ಬೇಲಿಯಿಂದ ಸುತ್ತುವರಿಯದೆ, ಘಟಕಗಳ ನಡುವೆ ಹಳ್ಳಗಳ ಗುಂಟ ಪ್ರಾಣಿಗಳ ಓಡಾಟಕ್ಕೆ ದಾರಿ ಬಿಡುವುದು.

(3) ಬೇಲಿಯ ತಳಭಾಗದಲ್ಲಿ ಸಣ್ಣ ಪ್ರಾಣಿಗಳು ನುಸುಳಲು ಅಂತರ ಬಿಡುವುದು.

(4) ಅನಗತ್ಯವಾಗಿ ನೆಲವನ್ನು ಸಮತಟ್ಟುಗೊಳಿಸದೆ, ಇಳಿಜಾರಿಗೆ ಅನುಗುಣವಾಗಿ ಕಂಬಗಳನ್ನು ನೆಡುವುದು. ಕೆರೆ ಕುಂಟೆಗಳಿಗೆ ನೀರು ಹರಿಯುವ ಹಳ್ಳಗಳನ್ನು ಮುಚ್ಚದಿರುವುದು.

(5) ಫಲಕಗಳ ಕೆಳಗೆ ಕಳೆನಾಶಕ ಬಳಸದೆ ಸ್ಥಳೀಯ ಹುಲ್ಲನ್ನು ಬೆಳೆಸಿ, ಕುರಿ ಮೇಯಿಸಲು ಅಥವಾ ಹುಲ್ಲು ಕೊಯ್ಯಲು ಗ್ರಾಮಸ್ಥರಿಗೆ ಅವಕಾಶ ನೀಡುವುದು.

(6) ಮಾರ್ಗಗಳನ್ನು ಸಾಧ್ಯವಾದಷ್ಟು ಒಟ್ಟುಗೂಡಿಸುವುದು. ಕೆರೆಗಳ ಅಂಚನ್ನು ತಪ್ಪಿಸುವುದು.

(7) ಮನೆ, ಶಾಲೆ, ಕಾರ್ಖಾನೆ, ಉಗ್ರಾಣಗಳ ಮೇಲ್ಛಾವಣಿಗಳನ್ನು ಹಾಗೂ ಕಾಲುವೆ, ಜಲಾಶಯಗಳನ್ನು ಬಳಸಿಕೊಳ್ಳುವುದು. ಗುಜರಾತ್‌ನ ಮೆಹ್ಸಾಣಾ ಜಿಲ್ಲೆಯಲ್ಲಿ 2012ರಲ್ಲಿಯೇ ಕಾಲುವೆಯ ಮೇಲೆ 1 ಮೆಗಾವ್ಯಾಟ್ ಸ್ಥಾವರವನ್ನು ಸ್ಥಾಪಿಸಲಾಗಿದೆ. ತೆಲಂಗಾಣದ ರಾಮಗುಂಡಂ ಜಲಾಶಯದ ಮೇಲೆ 100 ಮೆಗಾವ್ಯಾಟ್‌ನ ತೇಲುವ ಸ್ಥಾವರವು 2022ರಿಂದ ಪೂರ್ಣವಾಗಿ ಕಾರ್ಯನಿರ್ವಹಿಸುತ್ತಿದೆ.

8. ಜಮೀನು ಗುತ್ತಿಗೆ ನೀಡುವವರ ಗಮನಕ್ಕೆ

ಗುತ್ತಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ಈ ಕೆಳಕಂಡ ಅಂಶಗಳು ಅದರಲ್ಲಿ ಸ್ಪಷ್ಟವಾಗಿ ನಮೂದಾಗಿವೆಯೇ ಎಂದು ಪರಿಶೀಲಿಸಿಕೊಳ್ಳುವುದು ಒಳಿತು.

(ಅ) ಜಮೀನಿನಲ್ಲಿರುವ ಮರ, ಬದು, ಬಾವಿ, ಹಳ್ಳಗಳ ವಿವರ ಹಾಗೂ ಅವುಗಳಲ್ಲಿ ಉಳಿಸಿಕೊಳ್ಳಬೇಕಾದವು.
(ಆ) ಅವಧಿ ಮುಗಿದ ನಂತರ ಕಂಬ, ಕಾಂಕ್ರೀಟ್ ತಳಪಾಯ, ಕೇಬಲ್‌ಗಳನ್ನು ತೆಗೆದು ಭೂಮಿಯನ್ನು ಯಾವ ಸ್ಥಿತಿಯಲ್ಲಿ ಹಿಂದಿರುಗಿಸಲಾಗುವುದು ಮತ್ತು ಅದರ ವೆಚ್ಚ ಯಾರದು.
(ಇ) ಹಳೆಯ ಅಥವಾ ಒಡೆದ ಫಲಕಗಳ ವಿಲೇವಾರಿ. ಸೌರ ಫಲಕಗಳು ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ಹೊಲದಲ್ಲಿ ಹೂಳುವಂತಿಲ್ಲ.
(ಈ) ಸುತ್ತಲಿನ ಜಮೀನುಗಳಿಗೆ ಹೋಗುವ ಬಂಡಿದಾರಿ ಹಾಗೂ ಜಾನುವಾರು ದಾರಿಗಳು.

ಗುತ್ತಿಗೆಯ ಅವಧಿ ದೀರ್ಘವಾಗಿರುವುದರಿಂದ ಭೂಮಿಯನ್ನು ಮರಳಿ ಪಡೆಯುವವರು ಬಹುಶಃ ಸಹಿ ಮಾಡಿದವರ ಮಕ್ಕಳಾಗಿರುತ್ತಾರೆ. ಬದುಗಳು ಹೋಗಿ, ಹಳ್ಳ ಮುಚ್ಚಿದ ಭೂಮಿಯಲ್ಲಿ ಮರಳಿ ಬೇಸಾಯ ಮಾಡುವುದು ಸುಲಭವಲ್ಲ.

9. ನಾಗರಿಕರಿಗೆ ಲಭ್ಯವಿರುವ ಅವಕಾಶಗಳು

(1) ಗ್ರಾಮ ಸಭೆ: ಗೋಮಾಳ, ಕೆರೆ ಅಂಗಳ, ಗುಂಡುತೋಪುಗಳಿಗೆ ಸಂಬಂಧಿಸಿದ ಪ್ರಸ್ತಾವನೆಯಿದ್ದಲ್ಲಿ ಅಭಿಪ್ರಾಯವನ್ನು ಗ್ರಾಮ ಸಭೆಯಲ್ಲಿ ಮಂಡಿಸಿ ನಡವಳಿಯಲ್ಲಿ ದಾಖಲಿಸಲು ಕೋರಬಹುದು.

(2) ಜೀವವೈವಿಧ್ಯ ದಾಖಲಾತಿ: ಗ್ರಾಮದಲ್ಲಿ ಕಂಡುಬರುವ ವನ್ಯಜೀವಿಗಳು, ಅವು ಕಂಡ ಸ್ಥಳದ ಸರ್ವೆ ನಂಬರು, ತಿಂಗಳು ಇತ್ಯಾದಿ ವಿವರಗಳನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಲಿಖಿತವಾಗಿ ನೀಡಬಹುದು. ಕುರಿಗಾಹಿಗಳು ಮತ್ತು ಹಿರಿಯ ರೈತರು ಬಲ್ಲ ತೋಳದ ಗುಹೆ, ಹಕ್ಕಿಗಳು ತಂಗುವ ತಾಣ ಮುಂತಾದ ಮಾಹಿತಿಯು ಯಾವುದೇ ನಕಾಶೆಯಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ.

(3) ಮಾಹಿತಿ ಹಕ್ಕು ಅಧಿನಿಯಮ, 2005: ಭೂ ಹಂಚಿಕೆ ಆದೇಶ, ನಕ್ಷೆ ಮತ್ತು ಅನುಮತಿಗಳ ಪ್ರತಿಗಳನ್ನು ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಕೋರಬಹುದು. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳನ್ನು ಮೀರಬಾರದು. ಉತ್ತರ ನೀಡಲು 30 ದಿನಗಳ ಕಾಲಾವಕಾಶವಿರುತ್ತದೆ.

(4) ಸಮುದಾಯ ಮೀಸಲು: ಖಾಸಗಿ ಅಥವಾ ಸಮುದಾಯದ ಭೂಮಿಯಲ್ಲಿ ವನ್ಯಜೀವಿಗಳನ್ನು ಸಂರಕ್ಷಿಸಲು ಜನರೇ ಮುಂದೆ ಬಂದಲ್ಲಿ, ವನ್ಯಜೀವಿ ಅಧಿನಿಯಮದ 36ಸಿ ಪ್ರಕರಣದಡಿ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಲು ಅವಕಾಶವಿದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರು ಇದಕ್ಕೆ ನಿದರ್ಶನ.

(5) ರಾಷ್ಟ್ರೀಯ ಹಸಿರು ನ್ಯಾಯಮಂಡಳಿ: ಅರಣ್ಯ ಸಂರಕ್ಷಣೆ, ಪರಿಸರ ಸಂರಕ್ಷಣೆ, ಜೀವವೈವಿಧ್ಯ ಮುಂತಾದ ಅಧಿನಿಯಮಗಳಿಗೆ ಸಂಬಂಧಿಸಿದ ವಿವಾದಗಳನ್ನು ಚೆನ್ನೈನ ದಕ್ಷಿಣ ವಲಯ ಪೀಠದ ಮುಂದೆ, ವಿವಾದದ ಕಾರಣ ಉದ್ಭವಿಸಿದ 6 ತಿಂಗಳೊಳಗೆ ತರಬಹುದು. ವನ್ಯಜೀವಿ ಅಧಿನಿಯಮವು ನ್ಯಾಯಮಂಡಳಿಯ ಅನುಸೂಚಿಯಲ್ಲಿ ಇಲ್ಲವಾದ್ದರಿಂದ, ಕೇವಲ ಅದಕ್ಕೆ ಸಂಬಂಧಿಸಿದ ವಿಷಯಗಳಿಗೆ ಉಚ್ಚ ನ್ಯಾಯಾಲಯವನ್ನು ಸಂಪರ್ಕಿಸಬೇಕಾಗುತ್ತದೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ವಂತ ಜಮೀನಿನಲ್ಲಿ ಕೃಷ್ಣಮೃಗಗಳು ಓಡಾಡುತ್ತಿದ್ದಲ್ಲಿ ಅದನ್ನು ಸೌರ ಯೋಜನೆಗೆ ಗುತ್ತಿಗೆ ನೀಡಬಾರದೇ?
ಉತ್ತರ: ಅಧಿಸೂಚಿತ ಪ್ರದೇಶದ ಹೊರಗೆ, ಪ್ರಾಣಿಗಳ ಓಡಾಟವಿದೆ ಎಂಬ ಕಾರಣದಿಂದಲೇ ವನ್ಯಜೀವಿ ಅಧಿನಿಯಮದಡಿ ನಿಷೇಧವಿಲ್ಲ. ಆದರೆ ಕಾಮಗಾರಿಯ ವೇಳೆ ಪ್ರಾಣಿಗಳಿಗೆ ಹಾನಿಯಾಗದಂತೆ ಎಚ್ಚರ ವಹಿಸಬೇಕು. ಮುಂಚಿತವಾಗಿ ವಲಯ ಅರಣ್ಯಾಧಿಕಾರಿಗಳ ಗಮನಕ್ಕೆ ತರುವುದು ಸೂಕ್ತ.

ಪ್ರಶ್ನೆ: ಬೇಲಿಯೊಳಗೆ ಸಿಲುಕಿದ ಅಥವಾ ಗಾಯಗೊಂಡ ಪ್ರಾಣಿ ಕಂಡುಬಂದಲ್ಲಿ ಏನು ಮಾಡಬೇಕು?
ಉತ್ತರ: ಅದನ್ನು ಹಿಡಿಯಲು ಅಥವಾ ಓಡಿಸಲು ಪ್ರಯತ್ನಿಸದೆ, ನಾಯಿಗಳನ್ನು ದೂರವಿರಿಸಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಸಮೀಪದ ವಲಯ ಅರಣ್ಯ ಕಚೇರಿಗೆ ತಿಳಿಸಬೇಕು.

ಪ್ರಶ್ನೆ: ಮನೆಯ ಮೇಲ್ಛಾವಣಿಯ ಫಲಕಗಳಿಂದಲೂ ವನ್ಯಜೀವಿಗಳಿಗೆ ತೊಂದರೆಯಿದೆಯೇ?
ಉತ್ತರ: ಇಲ್ಲ. ಇದಕ್ಕೆ ಹೊಸ ಭೂಮಿಯ ಅಗತ್ಯವಿಲ್ಲ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ 1 ಕಿಲೋವ್ಯಾಟ್‌ಗೆ ರೂ. 30,000, 2 ಕಿಲೋವ್ಯಾಟ್‌ಗೆ ರೂ. 60,000 ಹಾಗೂ 3 ಕಿಲೋವ್ಯಾಟ್ ಮತ್ತು ಹೆಚ್ಚಿನ ಸಾಮರ್ಥ್ಯಕ್ಕೆ ರೂ. 78,000 ಕೇಂದ್ರ ಸಹಾಯಧನವನ್ನು ನಿಗದಿಪಡಿಸಲಾಗಿದೆ. ಅರ್ಜಿಯನ್ನು ಯೋಜನೆಯ ರಾಷ್ಟ್ರೀಯ ಜಾಲತಾಣದಲ್ಲಿ ಸಲ್ಲಿಸಬೇಕು.

ಪ್ರಶ್ನೆ: ಯೋಜನೆ ಆರಂಭವಾದ ನಂತರ ಮಾಹಿತಿ ನೀಡಿದರೆ ಪ್ರಯೋಜನವಿದೆಯೇ?
ಉತ್ತರ: ಇದೆ. ಬೇಲಿಯ ವಿನ್ಯಾಸ, ಹಳ್ಳಗಳ ನಿರ್ವಹಣೆ, ತಂತಿಗಳಿಗೆ ಎಚ್ಚರಿಕೆ ಸಾಧನ ಅಳವಡಿಕೆ ಇವುಗಳನ್ನು ನಂತರವೂ ಸುಧಾರಿಸಬಹುದು. ಆದರೆ ಕಳೆದುಹೋದ ಬಯಲನ್ನು ಮರಳಿ ಪಡೆಯುವುದು ಕಷ್ಟಸಾಧ್ಯ. ಆದ್ದರಿಂದ ಪ್ರಸ್ತಾವನೆಯ ಹಂತದಲ್ಲಿಯೇ ಮಾಹಿತಿ ನೀಡಲು ಸಾರ್ವಜನಿಕರನ್ನು ಕೋರಲಾಗಿದೆ.

ಸೂಚನೆ: ಈ ಲೇಖನವು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಕಾನೂನು ಸಂಬಂಧಿತ ವಿಷಯಗಳಲ್ಲಿ ಆಯಾ ಅಧಿನಿಯಮ, ನಿಯಮ ಹಾಗೂ ಅಧಿಸೂಚನೆಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ. ಸಹಾಯಧನ ಹಾಗೂ ಶುಲ್ಕಗಳ ಮೊತ್ತವನ್ನು ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.